ಒಂದು ಹಳೆಯ ಬಾಕಿಯನ್ನು ನಾನು ಬಿಟ್ಟುಕೊಟ್ಟ ಬಗೆ

ಸಹಕಾರಿ ಸಂಘವೊಂದರಲ್ಲಿ 31 ವರ್ಷ ಲೆಕ್ಕ ಬರೆದವನು ನಾನು. ಆ ಕಾರಣದಿಂದಲೇ ನಮ್ಮ ಕ್ರೈಸ್ತ ಸಭೆಯವರು ನನ್ನನ್ನು ಖಜಾಂಚಿಯಾಗಿ ಆರಿಸಿದ್ದರು. ಒಂದು ವರ್ಷ ಸುಗ್ಗಿ ಹಬ್ಬದಲ್ಲಿ ಸಭೆಯ ಜನರು ಕಾಣಿಕೆಯಾಗಿ ತಂದ ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ, ಕೋಳಿಗಳನ್ನು ಹರಾಜು ಹಾಕಿ ಬಂದ ಹಣದಲ್ಲಿ 18,400 ರೂಪಾಯಿ ಲೆಕ್ಕಕ್ಕೆ ಸಿಗುತ್ತಿಲ್ಲವೆಂದು ಸಭೆಯ ಹಿರಿಯರೊಬ್ಬರು ವಾರ್ಷಿಕ ಕೂಟದಲ್ಲಿ ಎದ್ದು ನಿಂತು ಹೇಳಿದರು. ಅವರು ನನ್ನ ಹೆಸರನ್ನು ಎತ್ತಲಿಲ್ಲ. "ಹಣ ಯಾರ ಕೈಯಲ್ಲಿತ್ತೋ ಅವರೇ ಉತ್ತರ ಹೇಳಲಿ" ಎಂದರು. ನಾಲ್ಕು ತಿಂಗಳ ನಂತರ ಬ್ಯಾಂಕಿಗೆ ಹಣ ಕಟ್ಟಿದ ಚಲನ್ ಕಟ್ಟಡ ನಿಧಿಯ ಕಡತದೊಳಗೆ ಸಿಕ್ಕಿತು; ಹಣ ಆ ಖಾತೆಗೆ ಜಮೆಯಾಗಿತ್ತು. ಸಮಿತಿಯು ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆದು ವಿಷಯವನ್ನು ಮುಗಿಸಿತು. ಆ ಹಿರಿಯರು ಮಾತ್ರ ನನ್ನ ಬಳಿಗೆ ಬಂದು ಒಂದು ಮಾತನ್ನೂ ಆಡಲಿಲ್ಲ.

ಆರು ವರ್ಷ ನಾನು ಆ ಮಾತಿಗಾಗಿ ಕಾದೆ. ಪ್ರತಿ ಭಾನುವಾರವೂ ಅವರ ಬೆನ್ನ ಹಿಂದಿನ ಬೆಂಚಿನಲ್ಲಿ ಕುಳಿತು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆಯೇ ನಮ್ಮ ತಪ್ಪುಗಳನ್ನು ಕ್ಷಮಿಸೆಂಬ ಪ್ರಾರ್ಥನೆಯನ್ನು ಎಲ್ಲರ ಜೊತೆ ಹೇಳುತ್ತಿದ್ದೆ. ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಕರ್ತನ ಭೋಜನದ ದಿನ ಅವರು ಪೀಠದ ಮುಂದೆ ಮೊಣಕಾಲೂರಿದ ಸಾಲಿನಲ್ಲಿ ನಾನು ಹೋಗುತ್ತಿರಲಿಲ್ಲ. ಮುಂದಿನ ಸಾಲಿಗಾಗಿ ನಿಲ್ಲುತ್ತಿದ್ದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಸಮಾಧಾನ ಮಾಡಿಕೋ ಎಂಬ ಬೈಬಲಿನ ಮತ್ತಾಯ ಸುವಾರ್ತೆಯ 5ನೆಯ ಅಧ್ಯಾಯದ ಮಾತು ನನಗೆ ಗೊತ್ತಿರಲಿಲ್ಲವೆಂದಲ್ಲ. ತಪ್ಪು ಅವರದಾಗಿರುವಾಗ ಆ ಮಾತು ಅವರಿಗೆ ಹೇಳಿದ್ದೆಂದು ತಿಳಿದುಕೊಂಡಿದ್ದೆ.

ನನ್ನನ್ನು ಎಚ್ಚರಿಸಿದ್ದು ನನ್ನ ಮಗಳ ನಡತೆ. ಒಂದು ಸಂಜೆ ಪೇಟೆಯಲ್ಲಿ ಆ ಹಿರಿಯರ ಮೊಮ್ಮಗಳು ಎದುರಿಗೆ ಬಂದಾಗ ನನ್ನ ಮಗಳು ರಸ್ತೆ ದಾಟಿ ಆಚೆ ಬದಿಗೆ ಹೋದಳು. ಇಬ್ಬರೂ ಭಾನುವಾರದ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಬೆಳೆದವರು. ಹಾಗೆ ಮಾಡೆಂದು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಊಟದ ಹೊತ್ತಿನಲ್ಲಿ ನಾನು ಆಡಿದ ಮಾತುಗಳೇ ಅವಳಿಗೆ ಪಾಠವಾಗಿದ್ದವು. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಕಹಿಯ ಬೇರು ಚಿಗುರಿ ಅನೇಕರನ್ನು ಕೆಡಿಸುತ್ತದೆ ಎಂಬ ಎಚ್ಚರಿಕೆಯಿದೆ. ಆ ಅನೇಕರಲ್ಲಿ ಮೊದಲನೆಯವಳು ನನ್ನ ಮನೆಯಲ್ಲಿಯೇ ಇದ್ದಾಳೆಂಬುದು ಅಂದು ನನಗೆ ಕಂಡಿತು.

ಆ ವಾರ ಮತ್ತಾಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ತೆರೆದು, ನನಗೆ ತಿಳಿದಿದ್ದ ಒಂದೇ ಕೆಲಸವನ್ನು, ಅಂದರೆ ಲೆಕ್ಕವನ್ನು, ಮಾಡಿದೆ. ಅರಸನು ಆಳಿಗೆ ಬಿಟ್ಟ ಸಾಲ 10,000 ತಲಾಂತು. ಒಂದು ತಲಾಂತಿಗೆ ಸುಮಾರು 6,000 ದೆನಾರಿ. ಒಂದು ದೆನಾರಿ ಕೂಲಿಯವನ ಒಂದು ದಿನದ ದುಡಿಮೆ. ಗುಣಿಸಿದರೆ ಆರು ಕೋಟಿ ದಿನಗಳ ಕೂಲಿಯಾಗುತ್ತದೆ; ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಅದೇ ಆಳಿಗೆ ಜೊತೆಯವನು ಕೊಡಬೇಕಾಗಿದ್ದುದು 100 ದೆನಾರಿ; ಅದನ್ನು ಅವನು ಬಿಟ್ಟುಕೊಡಲಿಲ್ಲ. ಈ ಎರಡನೆಯ ಮೊತ್ತದ ಮುಂದೆ ನಾನು ಬಹಳ ಹೊತ್ತು ಕುಳಿತೆ. ಅದು ಪುಡಿಗಾಸಲ್ಲ, ಬಡವನೊಬ್ಬನ ಮೂರು ತಿಂಗಳಿಗೂ ಮೀರಿದ ಗಳಿಕೆ. ನನಗಾದ ನಷ್ಟವನ್ನು ಯೇಸು ಸಣ್ಣದೆಂದು ತಳ್ಳಿಹಾಕಿಲ್ಲ ಎಂಬ ಅರಿವು ನನ್ನನ್ನು ಮೆತ್ತಗೆ ಮಾಡಿತು. ಅಲ್ಲಿಯವರೆಗೆ, ಕ್ಷಮಿಸಬೇಕಾದರೆ "ಪರವಾಗಿಲ್ಲ, ಏನೂ ಆಗಿಲ್ಲ" ಎನ್ನಬೇಕೆಂದು ಭಾವಿಸಿದ್ದೆ; ಹಾಗೆನ್ನಲು ಮನಸ್ಸು ಒಪ್ಪದಿದ್ದುದರಿಂದಲೇ ಕ್ಷಮಿಸಲೂ ಆಗಿರಲಿಲ್ಲ.

ಆದ್ದರಿಂದ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಅವರಿಂದ ಬರಬೇಕಾದ ಬಾಕಿಯನ್ನು ಪೂರ್ತಿಯಾಗಿ ಬರೆದೆ: ಊರಿನಲ್ಲಿದ್ದ ಒಳ್ಳೆಯ ಹೆಸರು, ನಾಲ್ಕು ತಿಂಗಳ ನಿದ್ರೆ, ತಲೆ ತಗ್ಗಿಸಿ ನಡೆದ ಹೆಂಡತಿಯ ನಾಚಿಕೆ, ಕೇಳಿಸದೇ ಹೋದ ಒಂದು ಕ್ಷಮಾಪಣೆ. ಬರೆದ ಮೇಲೆ ಪ್ರಾರ್ಥಿಸಿ ಪುಟಕ್ಕೆ ಅಡ್ಡಗೆರೆ ಎಳೆದು, ವಸೂಲಿಯ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆಂದು ದಿನಾಂಕ ಹಾಕಿದೆ. ಮನಸ್ಸಿಗೆ ಏನೂ ಹಗುರವೆನಿಸಲಿಲ್ಲ. ಮೂರನೆಯ ದಿನವೇ ಹಳೆಯ ಕೋಪ ಮರಳಿ ಬಂದಾಗ ಎಲ್ಲವೂ ಸುಳ್ಳೆಂದುಕೊಂಡೆ. ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂದು ಯೇಸು ಶಿಷ್ಯನಾದ ಪೇತ್ರನಿಗೆ ಹೇಳಿದ್ದು ಬೇರೆ ಬೇರೆ ತಪ್ಪುಗಳನ್ನು ಕುರಿತೇ ಎಂದು ಓದುತ್ತಾ ಬಂದಿದ್ದೆ; ಒಂದೇ ತಪ್ಪು ಏಳೆಪ್ಪತ್ತು ಸಾರಿ ನೆನಪಿಗೆ ಬಂದರೂ ಅದೇ ಮಾತು ಸಲ್ಲುತ್ತದೆಂದು ಆಗ ಒಪ್ಪಿಕೊಂಡೆ. ನೆನಪಾದಾಗಲೆಲ್ಲ ಅದೇ ಪುಟಕ್ಕೆ ಇನ್ನೊಂದು ಗೆರೆ ಎಳೆಯುವ ಅಭ್ಯಾಸ ಹೀಗೆ ಆರಂಭವಾಯಿತು.

ಇದಕ್ಕಿಂತ ಕಷ್ಟವಾದದ್ದು ಕಥೆಯನ್ನು ಹೇಳದಿರುವುದು. ಹೊಸಬರು ಯಾರಾದರೂ ಕೇಳಿದರೆ, ನೊಂದವನ ಸ್ಥಾನದಲ್ಲಿ ಕುಳಿತು ಮೊದಲಿನಿಂದ ಹೇಳುವುದರಲ್ಲಿ ಒಂದು ರುಚಿಯಿತ್ತು, ಮತ್ತು ಪ್ರತಿ ಸಾರಿಯೂ ಗಾಯ ಹೊಸದಾಗುತ್ತಿತ್ತು. "ಅದು ಮುಗಿದ ವಿಷಯ" ಎಂಬ ಮೂರೇ ಪದಗಳನ್ನು ರೂಢಿ ಮಾಡಿಕೊಳ್ಳಲು ಒಂದು ವರ್ಷ ಹಿಡಿಯಿತು. ಅವರಿಗಾಗಿ ಪ್ರಾರ್ಥಿಸಲು ತೊಡಗಿದಾಗಲೂ ಮೊದಮೊದಲು "ಕರ್ತನೇ, ಅವರಿಗೆ ಬುದ್ಧಿ ಕೊಡು" ಎಂದೇ ಬಾಯಿಗೆ ಬರುತ್ತಿತ್ತು. ಆಮೇಲೆ ಅವರ ಮೊಣಕಾಲು ನೋವನ್ನೂ ಕೆಲಸ ಸಿಗದ ಅವರ ಮಗನನ್ನೂ ಹೆಸರಿಸಿ ಬೇಡಿಕೊಳ್ಳಲು ಆರಂಭಿಸಿದೆ. ಒಬ್ಬರ ಮಗನ ಕೆಲಸಕ್ಕಾಗಿ ತಿಂಗಳುಗಟ್ಟಲೆ ಬೇಡಿದ ಮೇಲೆ, ಆ ಕೆಲಸ ಸಿಕ್ಕ ಸುದ್ದಿಯನ್ನು ಕೇಳಿ ಸಂತೋಷಪಡದೆ ಇರಲು ನನಗೆ ಸಾಧ್ಯವಾಗಲಿಲ್ಲ.

ಕ್ಷಮಿಸಿದ್ದೇನೆಂದು ಲೆಕ್ಕದ ಶಿಸ್ತನ್ನು ನಾನು ಸಡಿಲಿಸಲಿಲ್ಲ. ಹರಾಜಿನ ಹಣವನ್ನು ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಬೇಕೆಂಬ ನಿಯಮವನ್ನು ಸಮಿತಿಯ ಮುಂದಿಟ್ಟವನು ನಾನೇ. ಇದರಲ್ಲಿ ವಿರೋಧವಿದೆಯೆಂದು ಕೆಲವರಿಗೆ ಅನಿಸಿತು. ನನ್ನದಕ್ಕೆ ಹೋಲಿಸಲೂ ಆಗದಷ್ಟು ದೊಡ್ಡ ದುಃಖವೊಂದು ನನಗೆ ಈ ವಿಷಯದಲ್ಲಿ ದಾರಿ ತೋರಿಸಿತ್ತು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಪುಟ್ಟ ಮಕ್ಕಳಾದ ಫಿಲಿಪ್ ಮತ್ತು ತಿಮೋತಿಯನ್ನೂ ಮಲಗಿದ್ದ ವಾಹನದಲ್ಲಿಯೇ ಸುಟ್ಟು ಕೊಂದಾಗ, ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಅವರು ಕೊಂದವರನ್ನು ಕ್ಷಮಿಸಿದ್ದಾಗಿ ಬಹಿರಂಗವಾಗಿ ಹೇಳಿದರು. ನ್ಯಾಯಾಲಯದ ವಿಚಾರಣೆ ತನ್ನ ದಾರಿಯಲ್ಲಿ ನಡೆದು ಶಿಕ್ಷೆಯೂ ಆಯಿತು. ಗ್ಲಾಡಿಸ್ ಅವರು ಒಡಿಶಾದ ಬಾರಿಪದದಲ್ಲಿಯೇ ಉಳಿದು ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. ಸೇಡನ್ನು ಬಿಡುವುದು ಒಂದು, ನ್ಯಾಯವನ್ನು ಬಿಡುವುದು ಇನ್ನೊಂದು ಎಂಬುದನ್ನು ನಾನು ಕಲಿತದ್ದು ಅವರಿಂದ.

ಎರಡು ವರ್ಷಗಳ ಹಿಂದೆ ಆ ಹಿರಿಯರ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ ಮಗಳನ್ನು ಕರೆದುಕೊಂಡು ನೋಡಲು ಹೋದೆ. "ಬನ್ನಿ, ಕುಳಿತುಕೊಳ್ಳಿ" ಎಂದವರು ಮಳೆಯ ವಿಷಯ, ಮಗನ ಕೆಲಸದ ವಿಷಯ ಮಾತನಾಡಿದರು. ಹಳೆಯದನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಅವರ ತಲೆದಿಂಬನ್ನು ಸರಿಪಡಿಸಿ ಬಂದೆ. ಒಳಗೆ ಮಕ್ಕಳಿಬ್ಬರೂ ಮಾತನಾಡುತ್ತಾ ಕುಳಿತಿದ್ದುದರಿಂದ ನಮಗೆ ಮನೆಗೆ ಬರಲು ತಡವಾಯಿತು.

ಕಳೆದ ತಿಂಗಳು ಮದುವೆಯೊಂದರ ಊಟದ ಸಾಲಿನಲ್ಲಿ ಪರಿಚಿತರೊಬ್ಬರು ನಗುತ್ತಾ ಆ 18,400 ರೂಪಾಯಿಯ ಮಾತನ್ನು ಮತ್ತೆ ಎತ್ತಿದರು. ಎದೆ ಮೊದಲಿನಂತೆಯೇ ಬಿಸಿಯಾಯಿತು. "ಅದು ಮುಗಿದ ವಿಷಯ" ಎಂದು ಊಟ ಮುಂದುವರಿಸಿದೆ. ಆ ರಾತ್ರಿ ಮಲಗುವ ಮೊದಲು ಪುಸ್ತಕವನ್ನು ತೆಗೆದು, ಅಕ್ಷರಗಳು ಈಗ ಸರಿಯಾಗಿ ಕಾಣದ ಆ ಪುಟಕ್ಕೆ ಇನ್ನೊಂದು ಗೆರೆ ಎಳೆದೆ.