ದೇವಿಮನೆ ಘಟ್ಟದ ಮೇಲೆ ಕೈಕೊಟ್ಟ ಬ್ರೇಕ್

ಹುಬ್ಬಳ್ಳಿಯಿಂದ ಶಿರಸಿ ಮೇಲೆ ಕುಮಟಾಕ್ಕೆ ಸೈಕಲ್‌ನಲ್ಲಿ ಹೊರಟಿದ್ದೆ. 1860ರ ದಶಕದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಬಂದರಿಗೆ ಇಳಿಯುತ್ತಿದ್ದ ದಾರಿ ಇದು. ಶಿರಸಿ ಹತ್ತಿರ ಬರುವಾಗ ಹಿಂದಿನ ಡಿಸ್ಕ್ ಬ್ರೇಕ್ ಕಿರ್‍ರ್ ಅನ್ನತೊಡಗಿತು, ಹಿಡಿತವೇ ಇಲ್ಲ. ಮುಂದೆ ದೇವಿಮನೆ ಘಟ್ಟದ ಇಳಿಜಾರು ಬೇರೆ!

ತಪ್ಪು ನನ್ನದೇ. ಹೊರಡುವಾಗ ಚೈನಿಗೆ ಹೊಡೆದ ಸ್ಪ್ರೇ ಎಣ್ಣೆ, ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಗೂ, ಅಂದರೆ ಡಿಸ್ಕಿಗೂ ಸಿಡಿದಿತ್ತು. ಕೇಬಲ್ ಸುಮ್ನೆ ಬಿಗಿ ಮಾಡಿದೆ, ಏನೂ ಉಪಯೋಗವಾಗಲಿಲ್ಲ.

ಶಿರಸಿಯ ಮೆಡಿಕಲ್ ಶಾಪಲ್ಲಿ ಸರ್ಜಿಕಲ್ ಸ್ಪಿರಿಟ್ ಸಿಕ್ಕಿತು. ಬಟ್ಟೆ ಅದ್ದಿ ಡಿಸ್ಕ್ ಒರೆಸಿದರೆ ಕಪ್ಪು ಮಸಿ! ಬಟ್ಟೆ ಬೆಳ್ಳಗೇ ಉಳಿಯುವವರೆಗೂ ಒರೆಸಿದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್‌ಗಳ ಹೊಳಪು ಹೋಗುವಷ್ಟು ಉಪ್ಪುಕಾಗದ ಉಜ್ಜಿದೆ. ಆಮೇಲೆ ಸಮತಟ್ಟು ರಸ್ತೆಯಲ್ಲಿ ಇಪ್ಪತ್ತು ಸಲ ಓಡಿಸಿ, ನಿಧಾನವಾಗಿ ಬ್ರೇಕ್ ಒತ್ತಿದೆ. ಹಿಡಿತ ವಾಪಸ್ ಬಂತು. ಎಣ್ಣೆ ಜಾಸ್ತಿ ಹೀರಿದ್ದರೆ ಹೊಸ ಪ್ಯಾಡೇ ಬೇಕಾಗುತ್ತಿತ್ತು.