ಮಳೆಗಾಲದಲ್ಲೂ ಕೇಕಿನ ಮೇಲೆ ಸಕ್ಕರೆ ಹೂ ನಿಂತಿತು

ಜುಲೈ ತಿಂಗಳ ಮಂಗಳೂರಲ್ಲಿ ಸಕ್ಕರೆ ಹೂವಿನ ಆರ್ಡರ್ ಹಿಡಿದಿದ್ದೇನೆ ಅಂದಾಗ ಕೇಕ್ ಮಾಡುವ ಗೆಳತಿಯರೆಲ್ಲ ನಕ್ಕರು. "ಪ್ಲಾಸ್ಟಿಕ್ ಹೂ ಚುಚ್ಚು ಮಾರಾಯ್ತಿ, ಸುಮ್ನೆ ದುಡ್ಡು ಕಳ್ಕೋಬೇಡ" ಅಂದರು ಒಬ್ಬರು ಅಕ್ಕ. ಆ ಎರಡಂತಸ್ತಿನ ಕೇಕ್ ಪುತ್ತೂರಿಗೆ ಹೋಯಿತು. ಸುಮಾರು 50 ಕಿಲೋಮೀಟರ್, ದಾರಿಯುದ್ದಕ್ಕೂ ಮಳೆ, ಹೊಂಡ. ಒಂದು ಎಸಳೂ ಜಾರಲಿಲ್ಲ. ಅಕ್ಕನಿಗೆ ಫೋಟೋ ಕಳಿಸಿದೆ, ನೀಲಿ ಗೀಟು ಬಿತ್ತು, ಉತ್ತರ ಬರಲಿಲ್ಲ!

ಹೂ ಹಿಡಿದು ನಿಲ್ಲಿಸುವ, ತಿನ್ನಬಹುದಾದ ಅಂಟು ಹುಡುಕುತ್ತಾ ಇಲ್ಲಿಯವರೆಗೆ ಬರಲು ಸಾಕಷ್ಟು ಕಳೆದುಕೊಂಡಿದ್ದೇನೆ. ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಎಗ್‌ಲೆಸ್ ಕೇಳುವವರು, ಹಾಗಾಗಿ ಮೊಟ್ಟೆ ಬಿಳಿಯ ರಾಯಲ್ ಐಸಿಂಗ್ ಆಗಲ್ಲ. ಕೇಕಿನ ಮೇಲೆ ಬರೆಯುವ ಪೈಪಿಂಗ್ ಜೆಲ್ ಹಚ್ಚಿದರೆ ಅದು ಒಣಗುವುದೇ ಇಲ್ಲ. ಹೂಗಳೆಲ್ಲ ಮೆಲ್ಲಗೆ ಕೆಳಗಿಳಿದು ಬೋರ್ಡಿನ ಮೇಲೆ ಬಂದು ಕೂತವು. ಆ ಒಂದು ಕೇಕಿಗೆ ನಾಲ್ಕು ಸಾವಿರದ ಹತ್ತಿರ ವಾಪಸ್ ಕೊಟ್ಟೆ. ಸಕ್ಕರೆ ಪಾಕದಲ್ಲಿ ಎಸಳಿನ ಬುಡವೇ ಕರಗಿತು. ಕರಗಿಸಿ ಹಚ್ಚುವ ವೈಟ್ ಕಾಂಪೌಂಡ್ (ಬಿಳಿ ಚಾಕೊಲೇಟ್ ಥರದ್ದು) ಮಾತ್ರ ಭಾರದ ಗೊಂಬೆಗಳಿಗೆ ಚೆನ್ನಾಗಿ ಹಿಡಿಯುತ್ತದೆ, ಈಗಲೂ ಬಳಸುತ್ತೇನೆ. ಆದರೆ ತೆಳು ಎಸಳಿನ ಅಂಚಿನಲ್ಲಿ ಅದು ಕಾಣಿಸುತ್ತದೆ. ಏಪ್ರಿಲ್ ಸೆಕೆಗೂ ಅದನ್ನು ನಂಬುವ ಹಾಗಿಲ್ಲ.

ಕೊನೆಗೆ ಕೈ ಹಿಡಿದದ್ದು ಸಿಎಂಸಿ ಪುಡಿಯೇ, ಅಂದರೆ ನೀರಲ್ಲಿ ಕಲಸಿದರೆ ಅಂಟಾಗುವ, ತಿನ್ನಬಹುದಾದ ಪುಡಿ. ಕೇಕ್ ಮಾಡುವ ಎಲ್ಲರ ಹತ್ತಿರವೂ ಇರುತ್ತದೆ, ಎಲ್ಲರೂ ನೀರು ಜಾಸ್ತಿ ಮಾಡುತ್ತಾರೆ. ಕುದಿಸಿ ಆರಿಸಿದ ನೀರು ಎರಡು ದೊಡ್ಡ ಚಮಚ, ಪುಡಿ ಕಾಲು ಟೀ ಚಮಚ. ಮಳೆಗಾಲಕ್ಕೆ ಪುಡಿ ಒಂದು ಚಿಟಿಕೆ ಹೆಚ್ಚು. ಗಂಟು ಕಟ್ಟಿದರೆ ಕಟ್ಟಲಿ, ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ತಾನೇ ಕರಗಿ ತಿಳಿಯಾಗುತ್ತದೆ. ನಾನು ಇದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ, ಬೇಗ ಆರುತ್ತದೆ. ಏನು ಅಂತ ಇಲ್ಲಿ ಹೇಳಿದರೆ ಫೀಸ್ ಕೊಟ್ಟು ಕ್ಲಾಸಿಗೆ ಬಂದವರು ಜಗಳಕ್ಕೆ ಬರುತ್ತಾರೆ ಅಲ್ವಾ?

ಹಚ್ಚಿದ ತಕ್ಷಣ ಒತ್ತಬೇಡಿ. ತೆಳ್ಳಗೆ ಬಳಿದು, ಬೆರಳಿಗೆ ಅಂಟು ಅಂಟಾಗುವವರೆಗೆ ಕಾಯಿರಿ. ಬೇಸಿಗೆಯಲ್ಲಿ ಒಂದು ನಿಮಿಷ ಸಾಕು, ಮಳೆಯಲ್ಲಿ ಎರಡು ಮೂರು. ಅಂಟು ಹೊಳೆಯುತ್ತಿದೆ ಅಂದರೆ ಜಾಸ್ತಿಯಾಗಿದೆ, ಒಣ ಬ್ರಷ್‌ನಿಂದ ತೆಗೆಯಿರಿ. ದೊಡ್ಡ ಗುಲಾಬಿಯಾದರೆ ಅದೇ ಬಣ್ಣದ ಫಾಂಡೆಂಟ್ (ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆ ಕಣಕ) ಚೂರಿಗೆ ಈ ಅಂಟು ಹಾಕಿ ಪೇಸ್ಟ್ ಥರ ನಾದಿ, ಬುಡಕ್ಕೆ ಮೆತ್ತಿ. ರಾತ್ರಿ ಬಿಟ್ಟರೆ ಬೆಳಿಗ್ಗೆ ಎಸಳು ಮುರಿದೀತು, ಬುಡ ಕದಲುವುದಿಲ್ಲ. ಇದೆಲ್ಲ ಫಾಂಡೆಂಟ್ ಕೇಕಿಗೆ ಮಾತ್ರ. ವಿಪ್ಡ್ ಕ್ರೀಮ್ ಮೇಲೆ ಸಕ್ಕರೆ ಹೂ ನೇರ ಇಟ್ಟರೆ ಕ್ರೀಮಿನ ನೀರು ಹೀರಿ ಕರಗುತ್ತದೆ, ಯಾವ ಅಂಟೂ ಕಾಪಾಡಲ್ಲ. ತೆಳು ಚಾಕೊಲೇಟ್ ಬಿಲ್ಲೆಯ ಮೇಲೆ ಹೂ ಅಂಟಿಸಿಟ್ಟುಕೊಂಡು, ಕೊಡುವ ಹೊತ್ತಿಗೆ ಕೂರಿಸುತ್ತೇನೆ.

ನಡುವೆ ಬೇರೆ ಹುಚ್ಚೂ ಹತ್ತಿತ್ತು. ಹುಬ್ಬಳ್ಳಿಯ ಗೆಳತಿ ಅಂಟಿನ ಉಂಡೆಗೆ ಅಂತ ತಿನ್ನುವ ಮರದ ಅಂಟು ಕೊಟ್ಟಿದ್ದಳು. ಕುಟ್ಟಿ, ನೆನೆಸಿ, ಬಟ್ಟೆಯಲ್ಲಿ ಸೋಸಿದೆ. ಹಿಡಿತ ಸಿಎಂಸಿಗಿಂತ ಒಂದು ಕೈ ಮೇಲೆ. ಆದರೆ ಕಂದು ಬಣ್ಣ, ಬಿಳಿ ಹೂವಿಗೆ ಆಗಲ್ಲ. ಚಾಕೊಲೇಟ್ ಬಣ್ಣದ ಕೊಂಬೆಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಶರಬತ್ತಿಗೆ ಹಾಕುವ ಗೋಂದ್ ಕತೀರಾವನ್ನೂ ನೆನೆಸಿದೆ. ಅದು ಉಬ್ಬಿ ಜೆಲ್ಲಿಯಾಯಿತು, ಕರಗಲೇ ಇಲ್ಲ. ಮಕ್ಕಳು ಶರಬತ್ತು ಮಾಡಿಸಿಕೊಂಡು ಕುಡಿದರು.

ಲೆಕ್ಕ ಹೇಳುವುದಾದರೆ, ಸಿಎಂಸಿಯ ಸಣ್ಣ ಡಬ್ಬಿ ನೂರೈವತ್ತರ ಒಳಗೇ ಸಿಕ್ಕ ನೆನಪು, ವರ್ಷ ಬರುತ್ತದೆ. ಎರಡು ಕೆ.ಜಿ. ಕೇಕಿಗೆ ಪ್ಲಾಸ್ಟಿಕ್ ಹೂವಾದರೆ ನಾನು ಎರಡೂವರೆ ಸಾವಿರ ತೆಗೆದುಕೊಳ್ಳುತ್ತಿದ್ದೆ. ಸಕ್ಕರೆ ಹೂವಿಗೆ ನಾಲ್ಕೂವರೆ ಕೇಳುತ್ತೇನೆ, ಕೊಡುತ್ತಾರೆ.

ಮಳೆಗಾಲದಲ್ಲಿ ಹೂ ಒಣಗಿಸಲು ಓವನ್‌ನಲ್ಲಿ ಬರೀ ಲೈಟ್ ಹಾಕಿ ರಾತ್ರಿಯಿಡೀ ಬಿಡುತ್ತೇನೆ, ಆಮೇಲೆ ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ. ಕೇಕ್ ಫ್ರಿಜ್‌ನಿಂದ ತೆಗೆದಾಗ ಬಾಕ್ಸ್ ಮುಚ್ಚಿಯೇ ಇರಲಿ, ತಣ್ಣಗಿನದು ಹೋದ ಮೇಲೆ ತೆರೆಯಿರಿ. ಇಲ್ಲದಿದ್ದರೆ ಬೆವರಿ ಎಲ್ಲ ಅಂಟಂಟು. ಅಲಂಕಾರದ ಬೆಳ್ಳಿ ಬಣ್ಣದ ಸಕ್ಕರೆ ಗುಂಡುಗಳಿಗೆ ಮಾತ್ರ ಈ ಅಂಟು ಟೂತ್‌ಪಿಕ್ ತುದಿಯಷ್ಟೇ ಸಾಕು. ಹೆಚ್ಚಾದರೆ ಹೊಳಪು ಕಿತ್ತು ಬರುತ್ತದೆ.