ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಆಹಾರ, ವ್ಯಾಯಾಮ: ಮನೆಯವರಿಗೊಂದು ಸಲಹೆ

ಚಿಕಿತ್ಸೆ ಮುಗಿಸಿದ ಮಹಿಳೆಗೆ ನಡೆಯಿರಿ ಎಂದು ಹೇಳುವುದಕ್ಕಿಂತ ಅವರ ಜೊತೆ ನಡೆಯಲು ಹೊರಡುವುದೇ ಹೆಚ್ಚು ಉಪಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೀಮೊಥೆರಪಿ ಮತ್ತು ವಿಕಿರಣ ಚಿಕಿತ್ಸೆಯ ಆಯಾಸ ತಿಂಗಳುಗಟ್ಟಲೆ ಉಳಿಯಬಹುದು. ಅದು ಸೋಮಾರಿತನವಲ್ಲ, ಬರೀ ವಿಶ್ರಾಂತಿಯಿಂದ ನೀಗುವಂಥದ್ದೂ ಅಲ್ಲ. ಹದವಾದ ವ್ಯಾಯಾಮ ಅದನ್ನು ಕಡಿಮೆ ಮಾಡುತ್ತದೆ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ಹಾಗೂ 2 ದಿನ ಸ್ನಾಯುಬಲದ ವ್ಯಾಯಾಮ ಗುರಿಯಾಗಿರಲಿ, ಆರಂಭ ಮಾತ್ರ 10 ನಿಮಿಷದಿಂದಾಗಲಿ. ನಡೆಯುವಾಗ ಮಾತನಾಡಲು ಆಗಿ, ಹಾಡಲು ಕಷ್ಟವಾದರೆ ವೇಗ ಸರಿಯಾಗಿದೆ ಎಂದರ್ಥ.

ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಸಿಕೊಂಡವರು ಭಾರ ಎತ್ತಲೇಬಾರದು ಎಂಬ ಹಳೆಯ ಎಚ್ಚರಿಕೆ ಇನ್ನೂ ಅನೇಕರ ಮನಸ್ಸಿನಲ್ಲಿದೆ. ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ, ಅತಿ ಹಗುರವಾದ ತೂಕದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾ ಹೋದರೆ ಕೈ ಊತದ ಅಪಾಯ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಆದರೆ ಗ್ರಂಥಿ ತೆಗೆದ ಬದಿಯ ಕೈಯ ಉಂಗುರ ಅಥವಾ ರವಿಕೆಯ ತೋಳು ಬಿಗಿಯೆನಿಸಿದರೆ, ಕೈ ಭಾರವೆನಿಸಿದರೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಊಟದ ವಿಷಯದಲ್ಲಿ ಅವರೊಬ್ಬರಿಗೇ ಬೇರೆ ಅಡುಗೆ ಮಾಡುವ ಬದಲು ಮನೆಮಂದಿಯೆಲ್ಲ ತರಕಾರಿ, ಹಣ್ಣು, ಬೇಳೆಕಾಳು, ಇಡೀ ಧಾನ್ಯಗಳ ಕಡೆಗೆ ಹೊರಳಿದರೆ ಬದಲಾವಣೆ ಉಳಿಯುತ್ತದೆ. ಚಿಕಿತ್ಸೆಯಿಂದಲೂ ಮೈತೂಕ ಏರುವುದುಂಟು, ಆದ್ದರಿಂದ ದಯವಿಟ್ಟು ತಟ್ಟೆ ನೋಡಿ ಟೀಕೆ ಮಾಡಬೇಡಿ. ಈಸ್ಟ್ರೋಜನ್ ಹಾರ್ಮೋನನ್ನು ತಗ್ಗಿಸಲು ಕೊಡುವ ಅರೊಮಟೇಸ್ ತಡೆ ಮಾತ್ರೆಗಳು ಮೂಳೆಯನ್ನು ತೆಳುವಾಗಿಸುವುದರಿಂದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬಗ್ಗೆ ವೈದ್ಯರನ್ನು ಕೇಳಿ. ಸೋಯಾವನ್ನು ಆಹಾರವಾಗಿ ಮಿತವಾಗಿ ತಿನ್ನಬಹುದು, ಅದರ ಸಾರದ ಗುಳಿಗೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.